ಸರ್ಚ್‌ನಲ್ಲಿ ಸೈಟ್ ಕುಸಿದರೆ ಎಲ್ಲವೂ ಪೆನಾಲ್ಟಿಯಲ್ಲ: ಮಲೆನಾಡಿನ ಹೋಂಸ್ಟೇಗಳು ಮೊದಲು ನೋಡಬೇಕಾದದ್ದು

ಮುಂಗಾರು ಹಿಡಿದುಕೊಂಡು ಘಾಟಿ ರಸ್ತೆಗಳ ಸುದ್ದಿ ಟಿವಿಯಲ್ಲಿ ಬರತೊಡಗಿದರೆ ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಿಗೆ ಫೋನು ಬರುವುದು ಕಡಿಮೆಯಾಗುತ್ತದೆ. ಇದು ವರ್ಷವರ್ಷದ ಮಾತು. ಈಗ ಅದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: "ಗೂಗಲ್‌ನವರು ನಮ್ಮ ಸೈಟಿಗೆ ಪೆನಾಲ್ಟಿ ಹಾಕಿದ್ದಾರಂತೆ." ಹೇಳಿದ್ದು ಯಾರು ಎಂದು ಕೇಳಿದರೆ, ಎಷ್ಟೋ ಸಲ, ಪೆನಾಲ್ಟಿ ತೆಗೆಸಿಕೊಡುತ್ತೇವೆ ಎಂದು ಫೋನು ಮಾಡಿದವರೇ.

ಪೆನಾಲ್ಟಿ ಎಂಬುದು ಇಲ್ಲವೆಂದಲ್ಲ. ಇದೆ, ಆದರೆ ಕದ್ದುಮುಚ್ಚಿ ಬರುವುದಿಲ್ಲ. ಗೂಗಲ್‌ನ ಸಿಬ್ಬಂದಿಯೇ ಸೈಟ್ ನೋಡಿ ಹಾಕುವ ದಂಡಕ್ಕೆ 'ಮ್ಯಾನ್ಯುಯಲ್ ಆಕ್ಷನ್' ಎಂದು ಹೆಸರು. ಸೈಟಿನ ಮಾಲೀಕರಿಗೆಂದು ಗೂಗಲ್ ಪುಕ್ಕಟೆ ಕೊಡುವ 'ಸರ್ಚ್ ಕನ್ಸೋಲ್' ಸಾಧನ ತೆರೆದರೆ ಎಡಗಡೆಯ ಪಟ್ಟಿಯಲ್ಲಿ ಅದಕ್ಕೊಂದು ಪುಟವೇ ಇದೆ. ಯಾವ ತಪ್ಪಿಗೆ ದಂಡ, ಇಡೀ ಸೈಟಿಗೋ ಕೆಲವು ಪುಟಗಳಿಗೋ ಎಂಬುದು ಅಲ್ಲಿ ಬರೆದಿರುತ್ತದೆ, ಇಮೇಲೂ ಬರುತ್ತದೆ. ಆ ಪುಟದಲ್ಲಿ ಹಸಿರು ಗುರುತು ಹಾಕಿ 'ಯಾವ ತೊಂದರೆಯೂ ಕಂಡುಬಂದಿಲ್ಲ' ಎಂದಿದ್ದರೆ ಮನುಷ್ಯರು ಹಾಕಿದ ದಂಡ ಇಲ್ಲ, ಅಷ್ಟೇ. ಹಾಗಿದ್ದೂ ಸೈಟ್ ಕುಸಿದಿದ್ದರೆ ಕಾರಣ ಬೇರೆ, ಮದ್ದೂ ಬೇರೆ. ಅರೇಬಿಕಾ ಗಿಡದ ಎಲೆ ಹಳದಿಯಾದ ಕೂಡಲೇ ಯಾರೂ ಗಿಡ ಕಿತ್ತು ಸುಡುವುದಿಲ್ಲ. ಕಾಂಡದ ಮೇಲೆ ಬಿಳಿ ಕಾಂಡಕೊರಕ ಕೊರೆದ ಉಬ್ಬುಗೆರೆ ಇದೆಯೋ, ಇಲ್ಲ ನೀರು ಸಾಲದೆ ಬಾಡಿದೆಯೋ ಎಂದು ನೋಡಿಯೇ ಕತ್ತಿ ಹಿಡಿಯುವುದು. ಸೈಟಿನ ವಿಷಯದಲ್ಲಿ ಮಾತ್ರ ಮೊದಲು ಕತ್ತಿ, ಆಮೇಲೆ ತಪಾಸಣೆ.

ತಪಾಸಣೆಯಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಹವಾಮಾನವನ್ನು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. 'ಪರ್ಫಾರ್ಮೆನ್ಸ್' ಪುಟದಲ್ಲಿ ಜುಲೈಯನ್ನು ಮೇ ಜೊತೆ ಹೋಲಿಸಬೇಡಿ, ಹೋದ ವರ್ಷದ ಜುಲೈ ಜೊತೆ ಹೋಲಿಸಿ. ಫಲಿತಾಂಶಗಳಲ್ಲಿ ನಿಮ್ಮ ಸರಾಸರಿ ಸ್ಥಾನ ಅಲ್ಲಾಡದೆ ಇಂಪ್ರೆಷನ್‌ಗಳು (ನಿಮ್ಮ ಪುಟ ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು ಎಂಬ ಲೆಕ್ಕ) ಮಾತ್ರ ಇಳಿದಿದ್ದರೆ, ಜನ ಹುಡುಕುವುದೇ ಕಡಿಮೆಯಾಗಿದೆ ಎಂದರ್ಥ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ಬಳಿ ಗುಡ್ಡ ಜರಿದಂಥ ವಾರಗಳಲ್ಲಿ ಸಕಲೇಶಪುರದ ರೂಮು ಹುಡುಕುವವರು ಕಡಿಮೆಯಾದರೆ ಅದಕ್ಕೆ ಗೂಗಲ್ ಏನೂ ಮಾಡಬೇಕಿಲ್ಲ. ನಿಮ್ಮ ಸೈಟಿನ ಹೆಸರನ್ನೇ ಟೈಪಿಸಿ ಬರುವವರನ್ನು ಫಿಲ್ಟರ್‌ನಲ್ಲಿ ಬೇರೆ ಮಾಡಿ, ಉಳಿದ ಹುಡುಕಾಟಗಳನ್ನಷ್ಟೇ ನೋಡಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆ.

ಇಂಪ್ರೆಷನ್ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಅದು ಮತ್ತೊಂದು ಜಾತಿ. 2024ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಎಐ ಓವರ್‌ವ್ಯೂ ಉತ್ತರಗಳನ್ನು ಭಾರತಕ್ಕೂ ತಂದಿತು. "ಬೇಲೂರಿನಿಂದ ಹಳೇಬೀಡು ಎಷ್ಟು ದೂರ" ಎಂದು ಕೇಳಿದವರಿಗೆ 16 ಕಿಲೋಮೀಟರ್ ಎಂದು ಮೇಲೆಯೇ ಉತ್ತರ ಸಿಕ್ಕಿದರೆ ಅವರು ನಿಮ್ಮ ಪುಟಕ್ಕೆ ಬರುವುದಿಲ್ಲ. ಸ್ಥಾನ ಕಳೆದುಕೊಂಡಿಲ್ಲ, ಗಿರಾಕಿ ಬಾಗಿಲಿಗೆ ಬರುವ ಮೊದಲೇ ತಿರುಗಿದ್ದಾನೆ. ಇದಕ್ಕೆ ಅರ್ಜಿ ಹಾಕುವ ಜಾಗವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಂಪ್ರೆಷನ್ ಗೆರೆ ದಿಢೀರನೆ ಬಿದ್ದು ಸರಾಸರಿ ಸ್ಥಾನ ಮಾತ್ರ 'ಸುಧಾರಿಸಿ'ದಂತೆ ಕಂಡಿದ್ದರೂ ಗಾಬರಿ ಬೇಡ. ಒಂದೇ ಪುಟದಲ್ಲಿ ನೂರು ಫಲಿತಾಂಶ ತರಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ ಆಗ ತೆಗೆದುಹಾಕಿತು. ರ‍್ಯಾಂಕ್ ಎಣಿಸುವ ಯಂತ್ರಗಳು ಸುಮ್ಮನೆ ಉಬ್ಬಿಸಿದ್ದ ಲೆಕ್ಕ ಅದರೊಂದಿಗೆ ಇಳಿಯಿತು.

ಇನ್ನು ಕೈಯಾರೆ ಮಾಡಿಕೊಂಡ ತಪ್ಪು. ಹೊಸ ವಿನ್ಯಾಸ ಮಾಡಿಸಿದ ವಾರವೇ ಸೈಟ್ ಮಾಯವಾಗಿದ್ದರೆ ವರ್ಡ್‌ಪ್ರೆಸ್‌ನ 'ರೀಡಿಂಗ್' ಸೆಟ್ಟಿಂಗ್‌ಗೆ ಹೋಗಿ ನೋಡಿ. ಸರ್ಚ್ ಇಂಜಿನ್‌ಗಳು ಬರಬಾರದು ಎನ್ನುವ ಚೌಕಕ್ಕೆ ಟಿಕ್ ಬಿದ್ದಿರುವುದುಂಟು. ಕೆಲಸ ನಡೆಯುವಾಗ ಹಾಕಿರುತ್ತಾರೆ, ತೆಗೆಯುವುದನ್ನು ಮರೆಯುತ್ತಾರೆ. ಹಳೆಯ ಪುಟಗಳ ವಿಳಾಸ ಬದಲಾಗಿ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು) ಹಾಕದೆ ಬಿಟ್ಟಿರುವುದು, ಹೋಸ್ಟಿಂಗ್ ಬಾಕಿ ಕಟ್ಟದೆ ನಾಲ್ಕು ದಿನ ಸೈಟ್ ನಿಂತಿದ್ದುದು, ಸೈಟಿನ ಭದ್ರತೆಯ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಮುಗಿದುದು, ಮೊಬೈಲ್ ಆವೃತ್ತಿಯಲ್ಲಿ ಅರ್ಧ ಮಾಹಿತಿಯನ್ನೇ ಕೈಬಿಟ್ಟಿರುವುದು, ಇವೆಲ್ಲ 'ಪೆನಾಲ್ಟಿ'ಯ ವೇಷದಲ್ಲೇ ಬರುತ್ತವೆ. ಸರ್ಚ್ ಕನ್ಸೋಲ್‌ನ ಮೇಲ್ಗಡೆ ಪಟ್ಟಿಯಲ್ಲಿ ಪುಟದ ವಿಳಾಸ ಅಂಟಿಸಿ 'ಲೈವ್ ಟೆಸ್ಟ್' ಒತ್ತಿದರೆ ಗೂಗಲ್‌ಗೆ ಆ ಪುಟ ಕಾಣುತ್ತಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಈ ಎರಡು ನಿಮಿಷದ ಕೆಲಸ ಬಿಟ್ಟು ಹತ್ತು ಸಾವಿರದ 'ರಿಕವರಿ ಪ್ಯಾಕೇಜ್' ಕೊಳ್ಳುವುದು ದುಡ್ಡು ಹೆಚ್ಚಾದವರ ಕೆಲಸ.

ಇವು ಯಾವುವೂ ಅಲ್ಲ ಎಂದಾದರೆ ಕುಸಿತದ ದಿನಾಂಕ ಹಿಡಿಯಬೇಕು. ಫಲಿತಾಂಶ ಜೋಡಿಸುವ ಲೆಕ್ಕಾಚಾರದಲ್ಲಿ ತಾನು ಮಾಡುವ ದೊಡ್ಡ ಬದಲಾವಣೆಗಳು ('ಕೋರ್ ಅಪ್‌ಡೇಟ್' ಮುಂತಾದವು) ಯಾವ ದಿನ ಶುರುವಾಗಿ ಯಾವ ದಿನ ಮುಗಿದವು ಎಂಬುದನ್ನು ಗೂಗಲ್ ತನ್ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಹಾಕುತ್ತದೆ. ಬದಲಾವಣೆ ಮುಗಿದು ಒಂದು ವಾರ ಕಳೆಯಲಿ. ಆಮೇಲೆ ಶುರುವಾಗುವುದಕ್ಕಿಂತ ಹಿಂದಿನ ವಾರವನ್ನು ಮುಗಿದ ನಂತರದ ವಾರದೊಂದಿಗೆ ಇಟ್ಟು ನೋಡಿ. ನಡುವಿನ ದಿನಗಳ ಏರಿಳಿತ ನೋಡಿ ಪುಟ ಬದಲಿಸುತ್ತ ಕೂತರೆ ಯಾವುದರಿಂದ ಏನಾಯಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಹಿಂದಿನದ್ದು ಸ್ವಲ್ಪ ಗೊತ್ತಿರಬೇಕು, ಏಕೆಂದರೆ ನಮ್ಮ ಕಡೆ ಈಗಲೂ ಮಾರಾಟವಾಗುತ್ತಿರುವ ಸಲಹೆಗಳೆಲ್ಲ ಹಳೆಯ ಕಾಲದವು. 2011ರ 'ಪಾಂಡಾ' ಎಂಬ ಬದಲಾವಣೆ ಹುರುಳಿಲ್ಲದ ತೆಳು ಪುಟಗಳನ್ನು ಹಿಂದಕ್ಕೆ ತಳ್ಳಿತು. 2012ರ ಏಪ್ರಿಲ್‌ನ 'ಪೆಂಗ್ವಿನ್' ಕೊಂಡ ಲಿಂಕ್‌ಗಳ, ಅಂದರೆ ಸ್ಥಾನ ಏರಲೆಂದು ದುಡ್ಡು ಕೊಟ್ಟು ಬೇರೆ ಸೈಟುಗಳಲ್ಲಿ ಹಾಕಿಸಿದ ಲಿಂಕ್‌ಗಳ, ಬೆನ್ನು ಹತ್ತಿತು. 2016ರಲ್ಲಿ ಪೆಂಗ್ವಿನ್ ಮೂಲ ವ್ಯವಸ್ಥೆಯೊಳಗೇ ಸೇರಿದ ಮೇಲೆ ಕೆಟ್ಟ ಲಿಂಕ್‌ಗೆ ಶಿಕ್ಷೆ ಕೊಡುವುದಕ್ಕಿಂತ ಅದನ್ನು ಲೆಕ್ಕಕ್ಕೇ ಹಿಡಿಯದೆ ಬಿಡುವುದು ಹೆಚ್ಚಾಯಿತು. 2024ರ ಮಾರ್ಚ್‌ನಲ್ಲಿ ಮೂರು ಹೊಸ ಅಪರಾಧಗಳು ಪಟ್ಟಿಗೆ ಸೇರಿದವು: ಯಂತ್ರದಿಂದಲೋ ಕೂಲಿಯಿಂದಲೋ ರಾಶಿಗಟ್ಟಲೆ ಬರೆಸಿದ ಪುಟಗಳು, ಅವಧಿ ಮುಗಿದ ಹಳೆಯ ಡೊಮೈನ್ (ಸೈಟಿನ ವಿಳಾಸದ ಹೆಸರು) ಕೊಂಡು ಅದರ ಹೆಸರಿನ ಮೇಲೆ ಬೇರೆ ವ್ಯಾಪಾರ ನಡೆಸುವುದು, ಒಳ್ಳೆಯ ಹೆಸರಿನ ಸೈಟಿನ ಮೂಲೆಯೊಂದನ್ನು ಬಾಡಿಗೆಗೆ ಕೊಟ್ಟು ಬೇರೆಯವರ ಪುಟಗಳನ್ನು ಮೇಲೆತ್ತುವುದು. ಬೀಗ ಬಿದ್ದ ಯಾವುದೋ ಶಾಲೆಯ ಡೊಮೈನ್ ಕೊಂಡು 'ಮಲೆನಾಡು ಸ್ಟೇ' ಪಟ್ಟಿ ಹಾಕಿಕೊಂಡವರು ಎರಡನೆಯದರಲ್ಲಿ ಸಿಕ್ಕುತ್ತಾರೆ.

ಹಾಸನ, ಚಿಕ್ಕಮಗಳೂರಿನ ಸೈಟುಗಳಲ್ಲಿ ಹೆಚ್ಚು ಕಾಣುವ ತಪ್ಪು ಮಾತ್ರ ಇದಕ್ಕಿಂತ ಸರಳ, ಇದಕ್ಕಿಂತ ಹಳೆಯದು. ತೋಟದ ಮನೆ ಇರುವುದು ಬಣಕಲ್ ಹತ್ತಿರ ಒಂದೇ ಕಡೆ. ಸೈಟಿನಲ್ಲಿ ಪುಟಗಳು ಮಾತ್ರ ನಲವತ್ತು: ಮೂಡಿಗೆರೆಯಲ್ಲಿ ಹೋಂಸ್ಟೇ, ಕೊಟ್ಟಿಗೆಹಾರದಲ್ಲಿ ಹೋಂಸ್ಟೇ, ಕಳಸದಲ್ಲಿ ಹೋಂಸ್ಟೇ, ಬೇಲೂರಿನಲ್ಲಿ ಹೋಂಸ್ಟೇ, ಮುಳ್ಳಯ್ಯನಗಿರಿಗೆ ಹತ್ತಿರ ಹೋಂಸ್ಟೇ. ಊರಿನ ಹೆಸರು ಬಿಟ್ಟರೆ ಒಳಗಿನ ಆರು ಪ್ಯಾರಾಗಳೂ ಒಂದೇ, ಫೋಟೋಗಳೂ ಅವೇ. ಇದಕ್ಕೆ 'ಡೋರ್‌ವೇ' ಪುಟಗಳು ಎನ್ನುತ್ತಾರೆ. ಬಾಗಿಲು ಬೇಕಾದಷ್ಟು, ಮನೆ ಒಂದೇ. ಚಿಕ್ಕಮಗಳೂರು ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ 2014ಕ್ಕೆ ಮುಂಚಿನಂತೆ ಒಮ್ಮೆ, ಈಗಿನಂತೆ ಒಮ್ಮೆ ಬರೆದು ಎರಡೆರಡು ಸೆಟ್ ಪುಟ ಮಾಡಿಟ್ಟವರೂ ಇದ್ದಾರೆ. ಎರಡೂ ಒಂದೇ ಊರು ಎಂಬುದು ಗೂಗಲ್‌ಗೆ ಗೊತ್ತು.

ಇದನ್ನು ಸರಿಪಡಿಸುವಾಗ ಪುಟಗಳನ್ನು ಮೂರು ಗುಂಪು ಮಾಡಿ. ಆ ಊರಿನ ಬಗ್ಗೆ ನಿಮಗೆ ನಿಜವಾಗಿ ಹೇಳಲಿಕ್ಕೆ ಇರುವ ಪುಟಗಳನ್ನು ಉಳಿಸಿ, ಹೊಸದಾಗಿ ಬರೆಯಿರಿ. ಅವು ಎರಡೋ ಮೂರೋ ಆಗಬಹುದು. ಬೇರೆ ಸೈಟುಗಳು ಪ್ರಾಮಾಣಿಕವಾಗಿ ಲಿಂಕ್ ಕೊಟ್ಟಿರುವ ಪುಟಗಳಿದ್ದರೆ ಅದೇ ವಿಷಯದ ಉಳಿದ ಪುಟಕ್ಕೆ 301 ಹಾಕಿ. ಮಿಕ್ಕಿದ್ದನ್ನೆಲ್ಲ ಅಳಿಸಿ 410, ಅಂದರೆ 'ಈ ಪುಟ ಇನ್ನಿಲ್ಲ' ಎಂಬ ಉತ್ತರ ಬರುವಂತೆ ಮಾಡಿ. ನಲವತ್ತನ್ನೂ ಮುಖಪುಟಕ್ಕೆ ತಿರುಗಿಸಿಬಿಡುವ ಸುಲಭದ ದಾರಿ ಕೆಲಸಕ್ಕೆ ಬರುವುದಿಲ್ಲ, ಅವನ್ನು ಗೂಗಲ್ ಇಲ್ಲದ ಪುಟಗಳೆಂದೇ ಎಣಿಸುವುದು ಹೆಚ್ಚು. ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದಲೂ ಪುಟದ ಅಡಿಯಲ್ಲಿ ಸಾಲಾಗಿ ಕೂತ ಊರುಗಳ ಪಟ್ಟಿಯಿಂದಲೂ ಆ ವಿಳಾಸಗಳು ಹೋಗಬೇಕು. ಇನ್ನೊಂದು: ಪುಟಕ್ಕೆ 'ನೋಇಂಡೆಕ್ಸ್' (ಸರ್ಚ್‌ನಲ್ಲಿ ತೋರಿಸಬೇಡಿ ಎಂಬ ಸೂಚನೆ) ಹಾಕಿ, ಸರ್ಚ್ ಇಂಜಿನ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬೋಟ್ಸ್ ಫೈಲಿನಲ್ಲೂ ಅದೇ ಪುಟವನ್ನು ತಡೆದರೆ ಗೂಗಲ್ ಒಳಗೆ ಬರಲಾರದು, ನೋಇಂಡೆಕ್ಸ್ ಓದಲಾರದು, ಪುಟ ಹಾಗೇ ಉಳಿಯುತ್ತದೆ. ಬಾಗಿಲಿಗೆ ಬೀಗ ಜಡಿದು ಒಳಗೆ ಚೀಟಿ ಅಂಟಿಸಿದಂತೆ.

ಲಿಂಕ್‌ಗಳ ದಂಡ ಬಂದಿದ್ದರೆ ಕೆಲಸ ಹೆಚ್ಚು. ಸರ್ಚ್ ಕನ್ಸೋಲ್‌ನ 'ಲಿಂಕ್ಸ್' ಪುಟದಿಂದ ಹೊರಗಿನ ಲಿಂಕ್‌ಗಳ ಪಟ್ಟಿಯನ್ನು ಶೀಟಿಗೆ ಇಳಿಸಿಕೊಳ್ಳಿ. ವಿಳಾಸದ ಪ್ರಕಾರ ಅಲ್ಲ, ಡೊಮೈನ್ ಪ್ರಕಾರ ಗುಂಪು ಮಾಡಿದರೆ ಸಾವಿರ ಸಾಲು ಇನ್ನೂರಕ್ಕೆ ಇಳಿಯುತ್ತದೆ. ಒಂದೊಂದನ್ನೂ ತೆರೆದು ನೋಡಲೇಬೇಕು, ಅಡ್ಡದಾರಿ ಇಲ್ಲ. 'ಬೆಸ್ಟ್ ಹೋಂಸ್ಟೇ ಇನ್ ಸಕಲೇಶಪುರ' ಎಂಬ ಇದೇ ಪದಗಳ ಮೇಲೆ ಲಿಂಕ್ ಇರುವ ಪುಟ, ಸಾಲದ ಆ್ಯಪು, ಲೂಡೋ ಜೂಜು, ಹೋಂಸ್ಟೇ ಮೂರೂ ಒಂದೇ ಪುಟದಲ್ಲಿರುವ ಸೈಟು, ಯಾವುದೋ ದೇಶದ ಡೈರೆಕ್ಟರಿ, ಇವು ಕೊಂಡವು. ಪ್ರವಾಸ ಬರೆಯುವವರು ಬಂದು ಉಳಿದು ಬರೆದದ್ದು, ಬೈಕ್ ಕ್ಲಬ್ಬಿನವರು ಹಾಕಿಕೊಂಡದ್ದು ಕೊಂಡವಲ್ಲ. ಅವನ್ನು ಮುಟ್ಟಬೇಡಿ. ಗಾಬರಿಯಲ್ಲಿ ಎಲ್ಲವನ್ನೂ ತಳ್ಳಿಹಾಕಿ ಇದ್ದ ಒಳ್ಳೆಯ ಲಿಂಕನ್ನೂ ಕಳೆದುಕೊಳ್ಳುವವರು ಕಡಿಮೆ ಏನಿಲ್ಲ.

ಕೊಂಡ ಲಿಂಕ್ ಇರುವ ಕಡೆಗೆ ಬರೆದು ತೆಗೆಯಲು ಕೇಳಬೇಕು. ತೆಗೆಯದಿದ್ದರೆ, ಈ ಲಿಂಕನ್ನು ಸ್ಥಾನದ ಲೆಕ್ಕಕ್ಕೆ ಹಿಡಿಯಬೇಡಿ ಎನ್ನುವ 'ನೋಫಾಲೋ' ಇಲ್ಲವೇ 'ಸ್ಪಾನ್ಸರ್ಡ್' ಗುರುತು ಹಾಕಿಸಿದರೂ ಸಾಕು. ಬರೆದ ದಿನಾಂಕ, ಬಂದ ಉತ್ತರ, ಈಗಿನ ಸ್ಥಿತಿ ಮೂರೂ ಶೀಟಿನಲ್ಲಿ ಇರಲಿ. ಕೆಲವರು ಲಿಂಕ್ ತೆಗೆಯಲಿಕ್ಕೂ ದುಡ್ಡು ಕೇಳುತ್ತಾರೆ. ಕೊಡಬೇಕಿಲ್ಲ, ಅಂಥವು ಡಿಸಾವೋ ಪಟ್ಟಿಗೆ ಹೋಗಲಿ.

ಡಿಸಾವೋ ಎಂದರೆ 'ಈ ಲಿಂಕ್‌ಗಳನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ' ಎಂದು ಗೂಗಲ್‌ಗೆ ಕೊಡುವ ಪಟ್ಟಿ. 2012ರಿಂದ ಇದೆ. ಸರ್ಚ್ ಕನ್ಸೋಲ್‌ನ ಮೆನುವಿನಲ್ಲಿ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಪುಟವಿದೆ. ಫೈಲು ಬರೀ ಟೆಕ್ಸ್ಟ್ ಆಗಿರಬೇಕು, ಎಕ್ಸೆಲ್ ನಡೆಯುವುದಿಲ್ಲ. ಸಾಲಿಗೆ ಒಂದೇ ನಮೂದು. ಇಡೀ ಸೈಟನ್ನು ತಳ್ಳಬೇಕಾದರೆ ಇಂಗ್ಲಿಷಿನಲ್ಲಿ 'ಡೊಮೈನ್' ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ಸೈಟಿನ ಹೆಸರು. ಹ್ಯಾಶ್ ಗುರುತಿನಿಂದ ಶುರುವಾದ ಸಾಲು ನಿಮ್ಮ ಟಿಪ್ಪಣಿ, ಅದನ್ನು ಗೂಗಲ್ ಓದುವುದಿಲ್ಲ. ಮಿತಿ 1,00,000 ಸಾಲು, 2 ಎಂಬಿ. ಹೋಂಸ್ಟೇಯೊಂದಕ್ಕೆ ಆ ಮಿತಿ ತಾಗಿದರೆ ತೊಂದರೆ ಬೇರೆಯೇ ಇದೆ. ಹೊಸ ಫೈಲು ಹಾಕಿದರೆ ಹಳೆಯದು ಪೂರ್ತಿ ಅಳಿಯುತ್ತದೆ, ಆದ್ದರಿಂದ ಎರಡನೇ ಸಲ ಹಾಕುವಾಗ ಮೊದಲಿನ ಸಾಲುಗಳೂ ಅದರಲ್ಲಿರಬೇಕು. ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು 'ಡೊಮೈನ್ ಪ್ರಾಪರ್ಟಿ'ಯಾಗಿ (ಬರೀ ಡೊಮೈನ್ ಹೆಸರಿನಿಂದ) ಮಾತ್ರ ಸೇರಿಸಿದ್ದರೆ ಈ ಸಾಧನ ಕೆಲಸ ಮಾಡುವುದಿಲ್ಲ, ಪೂರ್ತಿ ವಿಳಾಸದ ಪ್ರಾಪರ್ಟಿಯೊಂದನ್ನು ಸೇರಿಸಿಕೊಳ್ಳಬೇಕು. ಮ್ಯಾನ್ಯುಯಲ್ ಆಕ್ಷನ್ ಬಂದಿಲ್ಲದವರು, ಬರುವಂಥದ್ದೇನೂ ಮಾಡಿಲ್ಲದವರು ಇದರ ತಂಟೆಗೇ ಹೋಗುವುದು ಬೇಡ.

ಇಷ್ಟಾದ ಮೇಲೆ, ದಂಡ ತೆಗೆಯಿರಿ ಎಂದು ಗೂಗಲ್‌ಗೆ ಕಳಿಸುವ ಮರುಪರಿಶೀಲನೆ ಕೋರಿಕೆ. ಗೂಗಲ್ ಅದರಲ್ಲಿ ನೋಡುವುದು ಮೂರು: ತಪ್ಪು ಏನೆಂದು ಒಪ್ಪಿಕೊಂಡಿದ್ದೀರಾ, ಏನು ಮಾಡಿದಿರಿ, ಅದರಿಂದ ಏನಾಯಿತು. ಈ ಅರ್ಜಿಯಲ್ಲಿ ಕಣ್ಣೀರಿಗೆ ಬೆಲೆ ಇಲ್ಲ. "ನಮ್ಮ ಜೀವನವೇ ಇದರ ಮೇಲೆ ನಿಂತಿದೆ" ಎಂಬುದು ನಿಜವಿರಬಹುದು, ಓದುವವರಿಗೆ ಬೇಕಾದದ್ದು ಅದಲ್ಲ. ಮಾದರಿಗೆ ಹೀಗೆ:

"ಹೊರಗಿನವರೊಬ್ಬರ ಮೂಲಕ ಹತ್ತು ತಿಂಗಳು ಹಣ ಕೊಟ್ಟು ಲಿಂಕ್ ಹಾಕಿಸಿದ್ದೆವು. ಆ ಒಪ್ಪಂದ ಮುಗಿಸಿದ್ದೇವೆ. ಒಟ್ಟು 212 ಡೊಮೈನ್ ಪರಿಶೀಲಿಸಿದೆವು. ಅದರಲ್ಲಿ 138 ನಾವು ಹಾಕಿಸಿದವು. 41 ಕಡೆ ತೆಗೆಸಿದ್ದೇವೆ. 9 ಕಡೆ ನೋಫಾಲೋ ಆಗಿದೆ. ಉಳಿದ 88 ಕಡೆಗೆ ಎರಡೆರಡು ಸಲ ಬರೆದೆವು, ಉತ್ತರವಿಲ್ಲ, ಅವನ್ನು ಡಿಸಾವೋ ಮಾಡಿದ್ದೇವೆ. ಬರೆದ ಇಮೇಲ್‌ಗಳ ದಾಖಲೆ ಈ ಶೀಟಿನಲ್ಲಿದೆ."

ಅಂಕಿಗಳು ಮಾದರಿಯವು, ನಿಮ್ಮವು ನಿಮ್ಮ ಶೀಟಿನಿಂದ ಬರಬೇಕು. ಶೀಟಿನ ಕೊಂಡಿ ಎಲ್ಲರೂ ತೆರೆದು ನೋಡುವಂತೆ ಇದೆಯೇ ಎಂದು ಬೇರೆ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಉತ್ತರ ಕೆಲವು ದಿನಗಳಲ್ಲಿ ಬರಬಹುದು, ಲಿಂಕ್ ವಿಷಯವಾದರೆ ವಾರಗಳೂ ಹಿಡಿಯುತ್ತವೆ. ಅದು ಬರುವ ಮೊದಲೇ ಇನ್ನೊಂದು ಕೋರಿಕೆ ಹಾಕಬಾರದು. ತಿರಸ್ಕರಿಸಿದರೆ ಕೆಲವು ಉದಾಹರಣೆ ಲಿಂಕ್‌ಗಳನ್ನು ತೋರಿಸುತ್ತಾರೆ. ಅವನ್ನಷ್ಟೇ ತೆಗೆದು ಮತ್ತೆ ಕಳಿಸಿದರೆ ಮತ್ತೆ ತಿರಸ್ಕಾರವೇ. ಅವು ಪಟ್ಟಿಯಲ್ಲ, ಮಾದರಿ. ಆ ಜಾತಿಯದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗಬೇಕು.

ದಂಡ ತೆಗೆದ ಮೇಲೂ ಹಳೆಯ ಸ್ಥಾನ ಮರಳುವುದಿಲ್ಲ ಎಂಬ ದೂರು ಸಾಮಾನ್ಯ. ಯೋಚಿಸಿದರೆ ಅದು ಸಹಜವೇ. ಮೇಲಿನ ಮಾದರಿಯಲ್ಲಾದರೆ, ಹಿಂದೆ ಇದ್ದ ಸ್ಥಾನ ನಿಂತಿದ್ದದ್ದು ಆ 138 ಕಡೆ ಹಾಕಿಸಿದ ಲಿಂಕ್‌ಗಳ ಮೇಲೆ. ಊರುಗೋಲು ತೆಗೆದ ಮೇಲೆ ಕಾಲಿನಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಎತ್ತರ. ಲಿಂಕ್ ಸ್ಪ್ಯಾಮ್ ವಿರುದ್ಧದ ಬದಲಾವಣೆಯಲ್ಲಿ ಕಳೆದುಕೊಂಡ ಲಾಭ ಮರಳಿ ಬರುವುದಿಲ್ಲ ಎಂದು ಗೂಗಲ್ ತಾನೇ ಹೇಳಿದೆ. ಇದನ್ನು ಮೊದಲೇ ಹೇಳದೆ 'ಮೂರು ತಿಂಗಳಲ್ಲಿ ಮೊದಲ ಪುಟ, ಗ್ಯಾರಂಟಿ' ಎನ್ನುವವರಿಂದ ದೂರವಿರಿ. ಹೊಸ ಡೊಮೈನ್ ಕೊಂಡು ಹಳೆಯದರಿಂದ ರೀಡೈರೆಕ್ಟ್ ಹಾಕುವ ಉಪಾಯ ಹೇಳುವವರಿಂದಲೂ. ರೀಡೈರೆಕ್ಟ್ ಜೊತೆ ಹಳೆಯ ರೋಗವೂ ಬರುತ್ತದೆ.

ಸೈಟಿಗೆ ಕನ್ನ ಬಿದ್ದಿದ್ದರೆ (ಹ್ಯಾಕ್ ಆಗಿದ್ದರೆ) ಅದು ಪೂರ್ತಿ ಬೇರೆ ಕಥೆ, ಬೇಗ ಮಾಡಬೇಕಾದ್ದು. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಟೈಪಿಸಿ ಕೋಲನ್ ಹಾಕಿ ನಿಮ್ಮ ವಿಳಾಸ ಕೊಟ್ಟು ನೋಡಿ. ನಿಮ್ಮ ಇಪ್ಪತ್ತು ಪುಟದ ಬದಲು ಜಪಾನಿ ಅಕ್ಷರದಲ್ಲಿ ಚಪ್ಪಲಿ, ಕೈಗಡಿಯಾರ ಮಾರುವ ಸಾವಿರಾರು ಪುಟ ಕಂಡರೆ ಯಾರೋ ಒಳಗೆ ಹೊಕ್ಕಿದ್ದಾರೆ. ದುಡ್ಡಿನ ಥೀಮನ್ನು ಪುಕ್ಕಟೆ ಇಳಿಸಿಕೊಂಡ ಸೈಟುಗಳಿಗೆ, ವರ್ಷಗಟ್ಟಲೆ ಪ್ಲಗಿನ್ ಅಪ್‌ಡೇಟ್ ಮಾಡದವಕ್ಕೆ ಇದು ಸಲೀಸಾಗಿ ತಗಲುತ್ತದೆ. ಮೊದಲು ಸರ್ಚ್ ಕನ್ಸೋಲ್‌ನ 'ಯೂಸರ್ಸ್ ಅಂಡ್ ಪರ್ಮಿಷನ್ಸ್' ನೋಡಿ, ಗೊತ್ತಿಲ್ಲದ ಇಮೇಲ್ ಮಾಲೀಕರಾಗಿ ಸೇರಿಕೊಂಡಿದ್ದರೆ ತೆಗೆಯಿರಿ. ಅವರು ಪರಿಶೀಲನೆಗೆಂದು ಇಟ್ಟ ಫೈಲನ್ನೂ ಸರ್ವರ್‌ನಿಂದ ತೆಗೆಯದಿದ್ದರೆ ಮತ್ತೆ ಬರುತ್ತಾರೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಫೋಟೋ ಇರಬೇಕೇ ಹೊರತು ಪಿಎಚ್‌ಪಿ ಫೈಲಿಗೆ ಅಲ್ಲಿ ಕೆಲಸವಿಲ್ಲ. ವರ್ಡ್‌ಪ್ರೆಸ್ ಮೂಲ ಫೈಲುಗಳನ್ನು ಹೊಸದಾಗಿ ಹಾಕಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಆ ಸುಳ್ಳು ಪುಟಗಳಿಗೆ 404 ಅಥವಾ 410 ಬರುವಂತೆ ಮಾಡಿ, 'ಸೆಕ್ಯುರಿಟಿ ಇಷ್ಯೂಸ್' ಪುಟದಲ್ಲಿ ಎಚ್ಚರಿಕೆ ಇದ್ದರೆ ಅಲ್ಲಿಂದ ಪರಿಶೀಲನೆ ಕೋರಿ. 'ರಿಮೂವಲ್ಸ್' ಸಾಧನ ಪುಟವನ್ನು ಮರೆ ಮಾಡುವುದು ಸುಮಾರು ಆರು ತಿಂಗಳು ಮಾತ್ರ, ಅದು ಶುದ್ಧೀಕರಣವಲ್ಲ.

ಮನುಷ್ಯರ ದಂಡವೂ ಅಲ್ಲ, ಕನ್ನವೂ ಅಲ್ಲ, ಕೋರ್ ಅಪ್‌ಡೇಟ್‌ನಲ್ಲಿ ಇಳಿದದ್ದು ಎಂದಾದರೆ ಅರ್ಜಿ ಇಲ್ಲ, ಬರೀ ಕೆಲಸ. ಬೇರೆಯವರ ಪುಟಗಳು ನಿಮ್ಮದಕ್ಕಿಂತ ಉಪಯೋಗಕ್ಕೆ ಬರುತ್ತವೆ ಎಂದು ಲೆಕ್ಕಾಚಾರ ಬದಲಾಗಿದೆ. 2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ 'ಸ್ವಂತ ಅನುಭವ' ಎಂಬುದನ್ನು ಸೇರಿಸಿತು. ತೋಟದವರ ಕೈಯಲ್ಲಿ ಬೇಕಾದಷ್ಟು ಇರುವುದೂ ಅದೇ, ಸೈಟಿನಲ್ಲಿ ಹಾಕದೆ ಬಿಡುವುದೂ ಅದನ್ನೇ. 'ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ' ಎಂದು ಬರೆಯದ ಹೋಂಸ್ಟೇ ಸಿಗುವುದು ಕಷ್ಟ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್ ಹೆದ್ದಾರಿ, ಅಲ್ಲಿಂದ ಮುಂದೆ ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಮಳೆಯಲ್ಲಿ ಸಣ್ಣ ಕಾರು ಹತ್ತುವುದಿಲ್ಲ, ಜೀಪು ಕಳಿಸುತ್ತೇವೆ, ಅದಕ್ಕೆ ಇಷ್ಟು ಎಂದು ಬರೆದವರು ಯಾರು? ಯಾವ ಸಿಮ್‌ಗೆ ಸಿಗ್ನಲ್ ಇದೆ, ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು, ಜೂನ್‌ನಿಂದ ಇಂಬಳ ಎಲ್ಲೆಲ್ಲಿ ಹತ್ತುತ್ತದೆ, ಕಾಫಿ ಹೂವು ನೋಡಬೇಕಾದರೆ ಯಾವ ಮಳೆಯ ನಂತರ ಎಷ್ಟನೇ ದಿನಕ್ಕೆ ಫೋನು ಮಾಡಬೇಕು, ವಯಸ್ಸಾದವರಿಗೆ ಮೆಟ್ಟಿಲು ಎಷ್ಟು? ಗಿರಾಕಿ ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಹದಿನೈದು ದಿನ ಬರೆದಿಟ್ಟುಕೊಂಡರೆ ಪುಟಕ್ಕೆ ಬೇಕಾದ ಸಾಮಾನು ಅದರಲ್ಲೇ ಇರುತ್ತದೆ. ಪುಟ ಮೊಬೈಲಿನಲ್ಲಿ ತೆರೆಯುವ ವೇಗವೂ ಮುಖ್ಯ. ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕು ಎಂಬುದು ಗೂಗಲ್‌ನ ಅಳತೆ, 6 ಎಂಬಿಯ ಡ್ರೋನ್ ಫೋಟೋ ಹಾಕಿ ಅದನ್ನು ತಲುಪಲಾಗದು. ಆದರೆ ವೇಗವೊಂದೇ ಕುಸಿದ ಸೈಟನ್ನು ಎತ್ತುವುದಿಲ್ಲ.

ಗೂಗಲ್ ನಕ್ಷೆಯಲ್ಲಿ ಬರುವ ಪಟ್ಟಿ ಇದರಿಂದ ಪ್ರತ್ಯೇಕ. ಅದು ಬಿಸಿನೆಸ್ ಪ್ರೊಫೈಲ್, ಅದರ ನಿಯಮ ಬೇರೆ, ಅಮಾನತಾದರೆ ಮೇಲ್ಮನವಿಯ ಜಾಗವೂ ಬೇರೆ. ಬೋರ್ಡಿನಲ್ಲಿರುವ ಹೆಸರಿಗೆ 'ಬೆಸ್ಟ್ ಹೋಂಸ್ಟೇ ನಿಯರ್ ಮುಳ್ಳಯ್ಯನಗಿರಿ' ಎಂದು ಬಾಲ ಸೇರಿಸಿದ್ದರೆ ಇವತ್ತೇ ತೆಗೆಯಿರಿ.

ಯಾರಿಗೇ ಕೆಲಸ ಒಪ್ಪಿಸಿದರೂ ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರರ ಮಾಲೀಕತ್ವ ನಿಮ್ಮ ಇಮೇಲಿನಲ್ಲೇ ಇರಲಿ. ಕೆಲಸದವರಿಗೆ ಬಳಕೆದಾರರ ಹಕ್ಕು ಸಾಕು. ಕೆಲಸಕ್ಕೆ ಹೊತ್ತು ಮಳೆಗಾಲವೇ. ಜೂನ್‌ನಲ್ಲಿ ಪಟ್ಟಿ ಮಾಡಿ, ಜುಲೈಯಲ್ಲಿ ಇಮೇಲ್ ಬರೆದು, ಆಗಸ್ಟ್ ಮೊದಲ ವಾರ ಕೋರಿಕೆ ಕಳಿಸಿದರೆ, ಒಮ್ಮೆ ತಿರಸ್ಕಾರವಾದರೂ ದಸರಾ ರಜೆಯೊಳಗೆ ಎರಡನೇ ಕೋರಿಕೆಗೆ ಸಮಯ ಉಳಿಯುತ್ತದೆ. ಕೋರ್ ಅಪ್‌ಡೇಟ್‌ನ ಕುಸಿತವಾದರೆ ತಿಂಗಳುಗಳೇ ಬೇಕು, ಕೆಲವು ಸಲ ಮುಂದಿನ ಅಪ್‌ಡೇಟ್ ಬರುವವರೆಗೆ. ಆ ವರ್ಷದ ಡಿಸೆಂಬರ್ ಸೀಸನ್ನಿಗೆ ಹಳೆಯ ಗಿರಾಕಿಗಳ ಫೋನ್ ನಂಬರುಗಳನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.